ಭಾವನವರ ಬಚ್ಚಲ ನೀರು

ಬೆಟಗೇರಿಯ ನಮ್ಮ ಮನೆ ಮೊದಲು ಒಂದೇ ಉದ್ದನೆಯ ಮನೆಯಾಗಿತ್ತು. ಮಾವನವರ ಕಾಲದಲ್ಲಿ ಅಲ್ಲಿ ಮಗ್ಗಗಳಿದ್ದವು. ಮಗ್ಗ ನಿಂತು, ಮಾವನವರೂ ತೀರಿಕೊಂಡ ಮೇಲೆ ಅಣ್ಣ ತಮ್ಮ ಇಬ್ಬರೂ ಮನೆಯನ್ನು ಪಾಲು ಮಾಡಿಕೊಂಡರು. ದೊಡ್ಡ ಓಣಿಗೆ ತಲೆಬಾಗಿಲಿರುವ ಪಾಲು ನನ್ನ ಗಂಡನ ಅಣ್ಣನಿಗೆ, ಅಂದರೆ ನನ್ನ ಭಾವನವರಿಗೆ ಹೋಯಿತು. ಪಕ್ಕದ ಸಂದಿಗೆ ಬಾಗಿಲಿರುವ ಪಾಲು ನಮಗೆ ಬಂತು. ನಡುಗೋಡೆ ಮಾತ್ರ ಇಬ್ಬರದೂ. ಕಲ್ಲು ಮತ್ತು ಕೆಸರಿನಲ್ಲಿ ಕಟ್ಟಿದ ಹಳೆಯ ಗೋಡೆ ಅದು. ಆಚೆ ಯಾರು ಏನು ಮಾತಾಡಿಕೊಂಡರೂ ಈಚೆ ಕೇಳದಷ್ಟು ದಪ್ಪ.

ಭಾವನವರು ಗದಗಿನ ಮಾರುಕಟ್ಟೆಯಲ್ಲಿ ಹತ್ತಿ, ಶೇಂಗಾ ದಲಾಲಿ ಮಾಡುವವರು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಬಿಳಿ ಧೋತರ. ಅವರು ನನ್ನ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ನಾನು ಎದುರಿಗೇ ನಿಂತಿದ್ದರೂ ನನ್ನ ಗಂಡನ ಮುಖ ನೋಡಿ "ಆಕಿಗೆ ಹೇಳು" ಎಂದು ಶುರು ಮಾಡುತ್ತಿದ್ದರು. ದೊಡ್ಡವರು, ತಮ್ಮನ ಹೆಂಡತಿಯ ಮುಖ ನೋಡಿ ಮಾತಾಡಬಾರದೆಂಬ ಮರ್ಯಾದೆ ಇದ್ದೀತು ಎಂದು ಮದುವೆಯಾದ ಹೊಸದರಲ್ಲಿ ಅಂದುಕೊಂಡಿದ್ದೆ. ಅದು ಮರ್ಯಾದೆಯಲ್ಲ ಎಂದು ತಿಳಿಯಲು ಬಹಳ ಕಾಲ ಬೇಕಾಗಲಿಲ್ಲ. ನಾನು ಹಿರೇವಡ್ಡಟ್ಟಿಯ ರೈತರ ಮನೆಯ ಹುಡುಗಿ. ಅವರಿಗೆ ತಮ್ಮನಿಗೆ ಪೇಟೆಯ ಸಂಬಂಧ ತರಬೇಕೆಂದಿತ್ತಂತೆ.

ನನ್ನ ಗಂಡ ಬಸ್ಸಿನ ಕಂಡಕ್ಟರು. ಬಸ್ಸಿನಲ್ಲಿ ಎಂಥ ಜಗಳಗಂಟರನ್ನೂ ಸಂಭಾಳಿಸುವ ಮನುಷ್ಯನಿಗೆ ಅಣ್ಣನ ಮುಂದೆ ಮಾತ್ರ ಬಾಯಿ ಕಟ್ಟಿಹೋಗುತ್ತಿತ್ತು. ಮಗಳು ಕಾಲೇಜಿಗೆ ಹೋಗುತ್ತಿದ್ದಳು. ನಾನು ಖಡಕ್ ರೊಟ್ಟಿ ಮಾಡಿ ಮಾರುತ್ತಿದ್ದೆ, ಈಗಲೂ ಮಾರುತ್ತೇನೆ. ಬೆಳಿಗ್ಗೆ ಬಡಿದು ಬೇಯಿಸಿದ ಜೋಳದ ರೊಟ್ಟಿಯನ್ನು ಗರಿಗರಿಯಾಗುವವರೆಗೆ ಒಣಗಿಸಿ, ಬಿದಿರಿನ ಬುಟ್ಟಿಗಳಲ್ಲಿ ಬಟ್ಟೆ ಹಾಸಿ ಪೇರಿಸಿ ಇಡುವುದು. ಮದುವೆ ಮನೆಗಳಿಗೆ, ಖಾನಾವಳಿಗಳಿಗೆ ಅಲ್ಲಿಂದ ಹೋಗುತ್ತಿದ್ದವು. ಆ ಬುಟ್ಟಿಗಳನ್ನು ಇಡಲು ನನಗಿದ್ದದ್ದು ಒಂದೇ ಕೋಣೆ, ನಡುಗೋಡೆಗೆ ಹತ್ತಿಕೊಂಡದ್ದು.

ಭಾವನವರು ತಮ್ಮ ಪಾಲನ್ನು ಹೊಸದು ಮಾಡಿಸಿದ ವರ್ಷ ನಮ್ಮ ಗೋಡೆ ಹಸಿಯಾಗತೊಡಗಿತು. ಅವರು ನಡುಗೋಡೆಗೆ ಒತ್ತಿ ಹೊಸ ಬಚ್ಚಲು ಕಟ್ಟಿಸಿದ್ದರು. ಮೇಲಿನವರೆಗೂ ಟೈಲ್ಸು, ಬಿಸಿನೀರಿನ ಗೀಸರು. ಅದರ ಪಕ್ಕಕ್ಕೆ ಅದೇ ಗೋಡೆಯ ಗುಂಟ ಅವರ ಪಡಸಾಲೆ. ಅಲ್ಲಿ ಗೋಡೆಗೆ ಹೂಬಳ್ಳಿಯ ಚಿತ್ರದ ಕಾಗದ ಅಂಟಿಸಿ, ಅದರ ಮುಂದೆ ಸೋಫಾ ಹಾಕಿಸಿದ್ದರು. ಬಂದವರಿಗೆಲ್ಲ ಆ ಗೋಡೆಯನ್ನು ಮುಟ್ಟಿಸಿ ತೋರಿಸುತ್ತಿದ್ದರು. ನಮ್ಮ ಕಡೆ ಮೊದಲು ಕೆಳಗೆ ಒಂದು ನೆರಳಿನಂಥ ಕಲೆ ಕಾಣಿಸಿತು. ಆಮೇಲೆ ಸುಣ್ಣ ಉಬ್ಬಿ, ಉಪ್ಪಿನ ಹಾಗೆ ಬೆಳ್ಳಗೆ ಬೂಸಲು ಬಂದು, ಹೆಕ್ಕಳ ಹೆಕ್ಕಳವಾಗಿ ಉದುರತೊಡಗಿತು. ನಾನು ಬುಟ್ಟಿಗಳನ್ನು ಗೋಡೆಯಿಂದ ದೂರ ಸರಿಸಿದೆ, ಕೆಳಗೆ ಹಲಗೆ ಕೊಟ್ಟೆ. ಕೋಣೆಯ ಗಾಳಿಯೇ ಹಸಿಯಾಗಿರುವಾಗ ಹಲಗೆ ಏನು ಮಾಡೀತು?

ಶಿರಹಟ್ಟಿಯ ಒಂದು ಮದುವೆಗೆ ಕಳಿಸಿದ ರೊಟ್ಟಿಗಳು ವಾಪಸು ಬಂದವು. ಮದುವೆ ಮನೆಯವರೇ ಗಾಡಿ ಮಾಡಿಕೊಂಡು ಬಂದು, ಬುಟ್ಟಿಗಳನ್ನು ಓಣಿಯಲ್ಲಿ ಇಳಿಸಿ, ಎಲ್ಲರ ಮುಂದೆ ಬಟ್ಟೆ ಸರಿಸಿ ತೋರಿಸಿದರು. ನಡುವಿನ ರೊಟ್ಟಿಗಳ ಮೇಲೆ ಹಸಿರು ಚುಕ್ಕೆಗಳಿದ್ದವು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಭಾವನವರು ತಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ನೋಡುತ್ತಿದ್ದರು. ಗಾಡಿ ಹೋದ ಮೇಲೆ, ಇನ್ನೂ ನಿಂತೇ ಇದ್ದ ನೆರೆಯವರಿಗೆ ಕೇಳುವ ಹಾಗೆ ನನ್ನ ಗಂಡನಿಗೆ ಹೇಳಿದರು.

"ತಮ್ಮಾ, ಆಕಿಗೆ ಹೇಳು. ಹಳ್ಳ್ಯಾಗ ಹೆಂಗರ ನಡೀತೈತಿ, ಇದು ಊರು. ಮನಿ ಸ್ವಚ್ಛ ಇಟ್ಕೊಳ್ಳಾಕ ಬರಂಗಿಲ್ಲಂದ್ರ ಮಂದಿಗೆ ರೊಟ್ಟಿ ಮಾರೂ ಉಸಾಬರಿ ಯಾಕ?"

ಆ ಮಾತು ನನಗಿಂತ ಮುಂಚೆ ಊರು ಸುತ್ತಿ ಬಂತು. ಖಾನಾವಳಿಯವರು ಈ ವಾರ ಬೇಡ, ಮುಂದಿನ ವಾರ ನೋಡೋಣ ಎಂದರು. ಮುಂದಿನ ವಾರ ಫೋನೇ ಎತ್ತಲಿಲ್ಲ. ನಳದ ಹತ್ತಿರ ಹೆಂಗಸರು ನನ್ನನ್ನು ಕಂಡು ಮಾತು ಬದಲಿಸುತ್ತಿದ್ದರು. ಬೂಸ್ಟು ಬಂದ ರೊಟ್ಟಿಯನ್ನು ದನಕ್ಕೆ ಹಾಕುವಾಗ ನನಗೆ ಅಳು ಬರಲಿಲ್ಲ. ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತಿತ್ತು, ಅಷ್ಟೆ.

ಬಚ್ಚಲ ನೀರು ಸೋರುತ್ತಿರಬೇಕು, ಒಮ್ಮೆ ನಳದ ಕೆಲಸದವನನ್ನು ಕರೆಸಿ ನೋಡಿರೆಂದು ನನ್ನ ಗಂಡ ಹೋಗಿ ಕೇಳಿದ. ಟೈಲ್ಸು ಹಾಕಿದ ಬಚ್ಚಲು ಎಲ್ಲಾದರೂ ಸೋರುತ್ತದೆಯೇ ಎಂದು ಅವರು ನಕ್ಕರಂತೆ. ಹಳೇ ಗೋಡೆ ಬೆವರುತ್ತದೆ, ಕಿಟಕಿ ತೆಗೆದಿಡಲು ಹೇಳು ಎಂದರಂತೆ.

ನಾನು ಮೊಬೈಲಿನಲ್ಲಿ ಗೋಡೆ ರಿಪೇರಿಯ ವಿಡಿಯೋಗಳನ್ನು ನೋಡಲು ಶುರು ಮಾಡಿದ್ದು ಆಗಲೇ. ಕೆಲವರು ಹಿಂದಿಯಲ್ಲಿ ಹೇಳುತ್ತಿದ್ದರು, ಕೆಲವರು ತಮಿಳಿನಲ್ಲಿ. ಮಾತು ತಿಳಿಯದಿದ್ದರೂ ಅವರ ಕೈ ನನಗೆ ತಿಳಿಯುತ್ತಿತ್ತು. ತವರಿನಲ್ಲಿ ಪ್ರತಿ ವರ್ಷ ಪಂಚಮಿಗೆ ಮುಂಚೆ ಅವ್ವನ ಜೊತೆ ಕೆಮ್ಮಣ್ಣು ಕಲಸಿ ಗೋಡೆಗೆ ಸಾರಿಸಿದವಳು ನಾನು. ಒಂದು ವಿಡಿಯೋದಲ್ಲಿ ಗೋಡೆಗೆ ಪ್ಲಾಸ್ಟಿಕ್ ಹಾಳೆಯನ್ನು ಸುತ್ತಲೂ ಟೇಪಿನಿಂದ ಅಂಟಿಸಿ ಬಿಡಬೇಕೆಂದು ತೋರಿಸಿದರು. ಹನಿ ಹಾಳೆಯ ಹೊರಮೈಗೆ ಕೂತರೆ ಕೋಣೆಯ ಗಾಳಿಯದು, ಒಳಮೈಗೆ ಕೂತರೆ ಗೋಡೆಯ ಒಳಗಿನಿಂದ ಬಂದದ್ದು. ನಾನೂ ಹಾಗೆ ಮಾಡಿದೆ. ಮರುದಿನವೇ ಹಾಳೆಯ ಒಳಮೈಯಲ್ಲಿ ಹನಿಗಳು ಸಾಲುಗಟ್ಟಿ ಕೂತಿದ್ದವು. ಹೊರಮೈ ಒಣಗಿತ್ತು. ಗೋಡೆ ಬೆವರುತ್ತಿರಲಿಲ್ಲ, ಕುಡಿಯುತ್ತಿತ್ತು. ಆದರೆ ಯಾರ ನೀರು ಎಂದು ತೋರಿಸುವುದು ಹೇಗೆ?

ಅದನ್ನು ಹೋಳಿ ತೋರಿಸಿತು. ಭಾವನವರ ಮನೆಯಲ್ಲಿ ಆ ವರ್ಷ ಬಣ್ಣದಾಟ ಜೋರಾಗಿತ್ತು. ಅವರ ಇಬ್ಬರು ಗಂಡುಮಕ್ಕಳು, ಅವರ ಗೆಳೆಯರು, ಕೊನೆಗೆ ಮಾರುಕಟ್ಟೆಯವರು ಬಂದು ಭಾವನವರಿಗೂ ತಲೆಯಿಂದ ಕಾಲಿನವರೆಗೆ ಗುಲಾಬಿ ಬಣ್ಣ ಸುರಿದರು. ಮಧ್ಯಾಹ್ನ ಪೂರ್ತಿ ಆ ಬಚ್ಚಲಲ್ಲಿ ಒಬ್ಬರಾದ ಮೇಲೆ ಒಬ್ಬರು ಮೈ ತೊಳೆದುಕೊಂಡರು. ಎರಡು ದಿನ ಬಿಟ್ಟು ನಾನು ಕೋಣೆಯ ಕಸ ಗುಡಿಸಲು ಹೋದಾಗ ಗೋಡೆಯ ಕೆಳಭಾಗ ಗುಲಾಬಿಯಾಗಿತ್ತು. ಕಸಬರಿಗೆ ಕೈಯಲ್ಲಿ ಹಿಡಿದು ನಾನು ಅಲ್ಲೇ ಕೂತುಬಿಟ್ಟೆ. ಕಲ್ಲಿನ ಸಂದು ಇದ್ದಲ್ಲೆಲ್ಲ ಬಣ್ಣ ಗಾಢವಾಗಿ, ಉಳಿದ ಕಡೆ ತಿಳಿಯಾಗಿ, ಎಳೆಎಳೆಯಾಗಿ ಮೇಲಕ್ಕೆ ಹಬ್ಬಿತ್ತು. ಅಷ್ಟು ಸಂತೋಷ ನನಗೆ ಯಾವ ಹಬ್ಬದಲ್ಲೂ ಆಗಿರಲಿಲ್ಲ.

ಗಂಡ ಹೋಗಿ ಅಣ್ಣನನ್ನು ಕರೆದುಕೊಂಡು ಬಂದ. ಭಾವನವರು ಬಾಗಿಲಲ್ಲೇ ನಿಂತು ಗೋಡೆ ನೋಡಿದರು. ಅವರ ಕಿವಿಯ ಹಿಂದೆ ಅದೇ ಗುಲಾಬಿ ಬಣ್ಣ ಇನ್ನೂ ಅಂಟಿಕೊಂಡಿತ್ತು. ಅವರಿಗೆ ತಿಳಿಯಿತು. ತಿಳಿದದ್ದು ನನಗೆ ಅವರ ಕಣ್ಣಲ್ಲಿ ಕಂಡಿತು. ಆಮೇಲೆ ಅವರು ಗಂಟಲು ಸರಿ ಮಾಡಿಕೊಂಡು ನನ್ನ ಗಂಡನಿಗೆ ಹೇಳಿದರು.

"ನಿನ್ನ ಮಗಳು ಬಣ್ಣ ಆಡಿ ಬಂದು ಗ್ವಾಡಿಗೆ ಕೈ ಒರಸ್ಯಾಳ. ಆಕಿಗೆ ಹೇಳು, ಮೊದಲು ಮಗಳಿಗೆ ಬುದ್ಧಿ ಕಲಸು ಅಂತ. ನನ್ನ ಮ್ಯಾಲ ಹಾಕಾಕ ಹೋಗಬ್ಯಾಡ್ರಿ."

ಮಗಳು ಪರೀಕ್ಷೆಯಿದೆಯೆಂದು ಹೋಳಿಯ ದಿನ ಹೊರಗೇ ಕಾಲಿಟ್ಟಿರಲಿಲ್ಲ. ಒಳಗಿನಿಂದ ಈ ಮಾತು ಕೇಳಿದ ಅವಳು ಪುಸ್ತಕ ಮುಚ್ಚಿಟ್ಟು ಅಡುಗೆಮನೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತಳು. ನನ್ನ ಗಂಡ ಅಣ್ಣನನ್ನು ಅವರ ಕಟ್ಟೆಯವರೆಗೆ ಬಿಟ್ಟು ಬಂದ. ನನಗೆ ಹೇಳಿದ್ದನ್ನು ನಾನು ನುಂಗಿದ್ದೆ. ಮಗಳಿಗೆ ಹೇಳಿದ್ದು ಗಂಟಲಲ್ಲಿ ಇಳಿಯಲಿಲ್ಲ. ಈ ಮನುಷ್ಯನ ಬಿಳಿ ಅಂಗಿಗೆ ತಾಗುವ ಹಾಗೆ ಏನಾದರೂ ಮಾಡದೆ ನಾನು ಸುಮ್ಮನಿರುವುದಿಲ್ಲ ಎಂದು ಅವತ್ತೇ ನಿರ್ಧರಿಸಿದೆ. ಏನು ಮಾಡಬೇಕೆಂದು ಮಾತ್ರ ಗೊತ್ತಿರಲಿಲ್ಲ.

ಅದನ್ನು ಹೇಳಿಕೊಟ್ಟದ್ದು ಗದಗಿನ ಒಬ್ಬ ಅಂಗಡಿಯವರು. ಸಿಮೆಂಟು, ಬಣ್ಣ ಮಾರುವ ಅಂಗಡಿ ಅದು. ಗಲ್ಲೆಯಲ್ಲಿ ಮುಸ್ಲಿಂ ಹಿರಿಯರೊಬ್ಬರು ಕೂತಿದ್ದರು. ನೀರು ತಡೆಯುವ ಗಿಲಾವು, ಅಂದರೆ ಪ್ಲಾಸ್ಟರ್, ನಾನೇ ಮಾಡಬೇಕು, ಏನೇನು ಬೇಕು ಎಂದು ಕೇಳಿದೆ. ಗೋಡೆ ಯಾವುದು, ನೀರು ಎಲ್ಲಿಂದ ಎಂದು ಅವರು ವಿಚಾರಿಸಿದರು. ನಾನು ಹೇಳಿದೆ. ಅವರು ತಲೆ ಅಲ್ಲಾಡಿಸಿದರು.

"ಅಕ್ಕಾರ, ಮೊದಲು ಸೋರೂದು ನಿಲ್ಲಸ್ರಿ. ನೀವು ನಿಮ್ಮ ಮಗ್ಗಲು ಬಂದ್ ಮಾಡಿದ್ರಿ ಅಂದ್ರ ನೀರೇನು ಸುಮ್ನ ಕುಂಡ್ರಂಗಿಲ್ಲ. ಗ್ವಾಡಿ ಒಳಗ ಏರಿ, ಸರದು, ಅವರ ಮಗ್ಗಲಿಗೆ ಹೊಂಡತೈತಿ. ಪಾಪ, ಅವರ ಮನಿ ಕೆಡತೈತಿ."

ಅವರು ಒಳ್ಳೆಯ ಮನಸ್ಸಿನಿಂದಲೇ ಎಚ್ಚರಿಕೆ ಕೊಟ್ಟಿದ್ದರು. ನಾನು ತಲೆ ತಗ್ಗಿಸಿ ಕೇಳಿಕೊಂಡೆ. ಆಮೇಲೆ ಸಿಮೆಂಟು, ಅದರಲ್ಲಿ ಬೆರೆಸುವ ನೀರು ತಡೆಯುವ ದ್ರಾವಣ, ಒಂದು ಕರಣಿ, ಒಂದು ಉಳಿ, ಮಟ್ಟ ನೋಡುವ ಉದ್ದನೆಯ ಪಟ್ಟಿ ಎಲ್ಲವನ್ನೂ ಕೊಂಡು ಆಟೋದಲ್ಲಿ ಹಾಕಿಸಿಕೊಂಡು ಬಂದೆ. ದಾರಿಯುದ್ದಕ್ಕೂ ನನಗೆ ಆ ಹೂಬಳ್ಳಿಯ ಕಾಗದವೇ ಕಣ್ಣ ಮುಂದೆ ಇತ್ತು.

ಬೇಸಿಗೆ ಏರಿದ ಮೇಲೆ ಕೆಲಸಕ್ಕೆ ಕೈ ಹಾಕಿದೆ. ಹಳೆಯ ಗಿಲಾವನ್ನು ಹಸಿ ಕಾಣುವುದಕ್ಕಿಂತ ಒಂದು ಮೊಳ ಮೇಲಿನವರೆಗೂ ಕೆತ್ತಿ ತೆಗೆದೆ. ಮೊದಲ ದಿನ ಸುತ್ತಿಗೆ ಬೆರಳಿಗೆ ಬಿತ್ತು, ಉಗುರು ಕಪ್ಪಾಯಿತು. ಕಲ್ಲುಗಳು ತೆರೆದುಕೊಂಡಾಗ ನಡುವಿನ ಮಣ್ಣು ಕಣಕದ ಹಾಗೆ ಮೆತ್ತಗಿತ್ತು. ಅದನ್ನು ಚಮಚೆಯಿಂದ ಕೆರೆದು, ಸಂದುಗಳನ್ನು ತಂತಿಯ ಬ್ರಷ್ಷಿನಿಂದ ತಿಕ್ಕಿ, ಕಿಟಕಿ ತೆರೆದು, ಫ್ಯಾನು ಹಚ್ಚಿ ಗೋಡೆಯನ್ನು ಒಣಗಲು ಬಿಟ್ಟೆ. ಭಾವನವರ ಮನೆಯವರೆಲ್ಲ ಮದುವೆಗಳ ಓಡಾಟದಲ್ಲಿ ಹೆಚ್ಚಾಗಿ ಊರಲ್ಲಿರಲಿಲ್ಲ, ಹಾಗಾಗಿ ಮೇಲುಮೈ ಒಣಗಿತು. ಕೊರ್ಲಹಳ್ಳಿ ಕಡೆಯ ಹೊಳೆ ಉಸುಕನ್ನು ಜರಡಿ ಹಿಡಿದು, ಸಿಮೆಂಟು, ದ್ರಾವಣ ಸೇರಿಸಿ ಕಲಸಿದೆ. ಮೊದಲು ಸಂದುಗಳನ್ನು ತುಂಬಿದೆ. ಆಮೇಲೆ ತೆಳ್ಳಗೆ ಒಂದು ಪದರ ಎರಚಿ, ಅದು ಹಿಡಿದುಕೊಂಡ ಮೇಲೆ ಮೇಲಿನ ಪದರ. ಕರಣಿಯಲ್ಲಿ ತೆಗೆದ ಗಾರೆ ಮೊದಮೊದಲು ನನ್ನ ಕಾಲ ಮೇಲೆಯೇ ಹೆಚ್ಚು ಬಿತ್ತು. ತಳ್ಳಬಾರದು, ಮಣಿಕಟ್ಟು ತಿರುಗಿಸಿ ಎಸೆದು ಒತ್ತಬೇಕು. ರೊಟ್ಟಿ ಬಡಿಯುವ ಕೈಗೆ ಅದು ಬಲುಬೇಗ ಬಂತು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಸ್ಟೂಲಿನ ಮೇಲೆ ನಿಂತ ನನ್ನನ್ನು ನೋಡಿ ಹೋದರು. ಗಂಡಸರ ಕೆಲಸ ಗಂಡಸರಿಗೆ ಬಿಡಬಾರದೇ ಎಂದು ಒಬ್ಬಾಕೆ ಕೇಳಿದಳು. ಬಿಟ್ಟು ನೋಡಿದ್ದೇನೆ ಎಂದೆ.

ಗೋಡೆ ಮುಗಿದ ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಬಿರುಕು ಬಿಡದಂತೆ ನೀರು ಹಾಕುತ್ತ ಬಂದೆ. ಅದು ಗಟ್ಟಿಯಾದಂತೆ ನನ್ನ ಮನಸ್ಸೂ ಗಟ್ಟಿಯಾಯಿತು. ಮೇಲೆ ಸುಣ್ಣ ಬಳಿದು, ಬುಟ್ಟಿಗಳನ್ನು ಮತ್ತೆ ಜೋಡಿಸಿದೆ. ರೊಟ್ಟಿ ಮುರಿದರೆ ಮತ್ತೆ ಮೊದಲಿನ ಹಾಗೆ ಚಟ್ಟೆಂದು ಸದ್ದು ಬರತೊಡಗಿತು. ಆದರೂ ಕೊಳ್ಳುವವರು ಬರಲಿಲ್ಲ. ಹೆಸರು ಕೆಟ್ಟಿತ್ತು, ಅದಕ್ಕೆ ಯಾವ ಗಿಲಾವೂ ಇರಲಿಲ್ಲ. ನಾನು ಕಾಯುತ್ತಿದ್ದೆ. ಪ್ರತಿ ಬೆಳಿಗ್ಗೆ ಆಚೆ ಅವರು ಸ್ನಾನಕ್ಕೆ ಹೋಗುವ ಹೊತ್ತಿಗೆ ಚಹಾದ ಲೋಟ ಹಿಡಿದು ಆ ಕೋಣೆಯಲ್ಲಿ ಕೂರುವುದು ನನಗೆ ರೂಢಿಯಾಯಿತು. ಸುರಿದುಕೊಳ್ಳಿರಿ, ಇನ್ನೂ ನಾಲ್ಕು ತಂಬಿಗೆ ಸುರಿದುಕೊಳ್ಳಿರಿ ಎಂದು ಮನಸ್ಸಿನಲ್ಲೇ ಹೇಳುತ್ತಿದ್ದೆ.

ಶ್ರಾವಣದ ಹೊತ್ತಿಗೆ ನನ್ನ ನೆಗೆಣ್ಣಿ, ಅಂದರೆ ಭಾವನವರ ಹೆಂಡತಿ, ಪಡಸಾಲೆಯಲ್ಲಿ ಯಾಕೋ ಕಮಟು ವಾಸನೆ ಬರುತ್ತದೆ ಎಂದಳು. ಅವಳು ಕೆಟ್ಟವಳಲ್ಲ, ಗಂಡನ ಮಾತಿಗೆ ತಲೆಯಾಡಿಸಿ ಬದುಕಿದವಳು. ಬಳ್ಳಿಯ ಕಾಗದ ಸೋಫಾದ ಹಿಂದೆ ಗುಳ್ಳೆ ಎದ್ದಿದೆ, ಹಚ್ಚಿದವನನ್ನು ಕರೆಸಿ ಮತ್ತೆ ಅಂಟಿಸಿದ್ದಾರೆ ಎಂದು ಆಮೇಲೆ ತಿಳಿಯಿತು. ಮತ್ತೆ ಎದ್ದಿತು, ಮತ್ತೆ ಅಂಟಿಸಿದರು. ಹಚ್ಚಿದವನಿಗೆ ಭಾವನವರು ಓಣಿಗೆಲ್ಲ ಕೇಳುವಂತೆ ಬೈದರು. ಆ ಬೈಗುಳ ಅವನಿಗೆ ಸಲ್ಲಬೇಕಾದದ್ದಲ್ಲ ಎಂದು ಒಂದು ಗಳಿಗೆ ನನ್ನ ಮನಸ್ಸು ಹಿಂಜರಿಯಿತು. ಒಂದೇ ಗಳಿಗೆ.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಭಾವನವರ ಹಿರಿಯ ಮಗನಿಗೆ ಲಕ್ಷ್ಮೇಶ್ವರದ ಕಡೆಯಿಂದ ಸಂಬಂಧ ಬಂತು. ಹೆಣ್ಣಿನ ಕಡೆಯವರು ಮನೆ ನೋಡಲು ಬರುವ ದಿನ ನಮ್ಮನ್ನೂ ಕರೆದರು. ನಾನು ಪಡಸಾಲೆಯ ಬಾಗಿಲ ಹತ್ತಿರ ನಿಂತಿದ್ದೆ. ಹುಡುಗಿಯ ದೊಡ್ಡಮ್ಮ ಮೈಕೈ ತುಂಬಿಕೊಂಡ ಹೆಂಗಸು, ಮಾತಿನಲ್ಲಿ ಗತ್ತು. ಬಂದವಳೇ ಸೋಫಾದಲ್ಲಿ ಕೂತು, ತಲೆಯನ್ನು ಹಿಂದಿನ ಗೋಡೆಗೆ ಆನಿಸಿದಳು. ಕೂಡಲೇ ಬೆಚ್ಚಿ ಎದ್ದಳು. ಇಳಕಲ್ ಸೀರೆಯ ಸೆರಗಿಗೆ ಬಿಳಿ ಬೂಸಲು ಹತ್ತಿತ್ತು, ಜಡೆ ಒದ್ದೆಯಾಗಿತ್ತು. ಹಿಂದೆ ತಿರುಗಿ ಒಂದು ಬೆರಳಿನಿಂದ ಕಾಗದವನ್ನು ಒತ್ತಿದಳು. ಅದು ಹಸಿ ಹಪ್ಪಳದ ಹಾಗೆ ಹರಿದು ಕೈಗೆ ಬಂತು.

ಇದೇನ್ರಿ, ಹೊಸ ಮನೆ ಅಂದಿರಿ, ಗೋಡೆಯೆಲ್ಲ ಕೊಳೆತಿದೆಯಲ್ಲ ಎಂದು ಅವಳು ಕೇಳಿದಳು. ಭಾವನವರು ನಕ್ಕರು. ಆ ನಗು ನನಗೆ ಗೊತ್ತಿತ್ತು.

"ನಮ್ದಲ್ರಿ ಇದು. ಬಾಜೂಕ ನಮ್ಮ ತಮ್ಮನ ಮನಿ ಐತಿ. ಅವರ ಕಡಿಂದ ಹಸಿ ಬರತೈತಿ. ಏನ್ ಮಾಡೂದ್ರಿ, ಹೇಳಿದ್ರ ಕೇಳಂಗಿಲ್ಲ, ಸ್ವಚ್ಛ ಇಲ್ಲ ಆ ಮನಿ."

ನಾನು ಬಾಗಿಲಲ್ಲೇ ನಿಂತಿದ್ದೇನೆಂದು ಅವರು ಮರೆತಿದ್ದರೋ, ನಾನಿದ್ದರೂ ಒಂದೇ ಎಂದುಕೊಂಡಿದ್ದರೋ. ನಾನು ಒಳಗೆ ಬಂದೆ. ದೊಡ್ಡಮ್ಮನಿಗೆ ಕೈಮುಗಿದು, ಆ ಮನೆಯಾಕೆ ನಾನೇ, ಬಂದು ನೋಡಿರಿ, ದೂರವೇನಿಲ್ಲ ಎಂದೆ. ಭಾವನವರು ಏನೋ ಹೇಳಲು ಬಾಯಿ ತೆರೆದರು. ಆಕೆ ಆಗಲೇ ಸೆರಗು ಕೊಡವಿಕೊಂಡು ನನ್ನ ಹಿಂದೆ ಹೊರಟಿದ್ದಳು. ಅವಳ ಹಿಂದೆ ಹುಡುಗಿಯ ತಾಯಿ, ಇನ್ನಿಬ್ಬರು ಹೆಂಗಸರು, ಕೊನೆಗೆ ನೆಗೆಣ್ಣಿ.

ನನ್ನ ಕೋಣೆ ಬೆಳ್ಳಗೆ ಒಣಗಿ ನಿಂತಿತ್ತು. ದೊಡ್ಡಮ್ಮ ಅಂಗೈ ಇಟ್ಟು ಗೋಡೆಯ ಕೆಳಗಿನಿಂದ ಮೇಲಿನವರೆಗೆ ಸವರಿದಳು, ಕೈ ತಿರುಗಿಸಿ ನೋಡಿಕೊಂಡಳು. ಒಂದು ಚೂರು ಸುಣ್ಣ ಬಿಟ್ಟರೆ ಏನೂ ಇರಲಿಲ್ಲ. ನಾನು ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು, ಮುರಿದು, ಶೇಂಗಾ ಚಟ್ನಿ ಹಾಕಿ ಕೊಟ್ಟೆ. ಅವಳು ತಿಂದಳು. ಎಲ್ಲರಿಗೂ ಅದರ ಸದ್ದು ಕೇಳಿಸಿತು.

"ಇಲ್ಲಿ ಸುಣ್ಣದಂಗ ಒಣಗೇತಿ," ಎಂದಳು ಆಕೆ. "ಮತ್ತ ನೀರು ಎಲ್ಲಿಂದ ಬರತೈತಿ?"

"ಗ್ವಾಡಿ ಆಚೆ ಭಾವಾರ ಬಚ್ಚಲ ಐತ್ರಿ. ಅವರನ್ನ ಕೇಳ್ರಿ."

ಅಷ್ಟೇ ಹೇಳಿದ್ದು. ಬೇರೆ ಏನು ಹೇಳಿದ್ದರೂ ಅದು ಕಡಿಮೆಯೇ ಆಗುತ್ತಿತ್ತು. ಅವರು ವಾಪಸು ಹೋದ ಮೇಲೆ ಪಡಸಾಲೆಯಲ್ಲಿ ಏನು ಮಾತಾಯಿತೆಂದು ನೆಗೆಣ್ಣಿ ಆಮೇಲೆ ಹೇಳಿದಳು. ದೊಡ್ಡಮ್ಮ ನೇರವಾಗಿ ಬಚ್ಚಲಿಗೆ ಹೋಗಿ, ನಾಲ್ಕು ತಂಬಿಗೆ ನೀರು ಸುರಿದು, ಹೊರಗೆ ಬಂದು ಮೋರಿಯ ಬಾಯಿಗೆ ಬಗ್ಗಿ ನೋಡಿದಳಂತೆ. ಹೊರಗಿನ ಗಟಾರಕ್ಕೆ ನೀರು ಅರ್ಧಕ್ಕರ್ಧವೂ ಬರಲಿಲ್ಲವಂತೆ. ತನ್ನ ನೀರು ಎಲ್ಲಿ ಹೋಗುತ್ತದೆಂದು ಗೊತ್ತಿಲ್ಲದ ಮನೆಗೆ ಹುಡುಗಿಯನ್ನು ಹೇಗೆ ಕೊಡುವುದೆಂದು ಕೇಳಿದಳಂತೆ. ಅದು ನಗೆಯ ಮಾತೇ ಆಗಿತ್ತು. ಭಾವನವರಿಗೆ ನಗಲು ಆಗಲಿಲ್ಲ. ಸಂಬಂಧ ಮುರಿಯಲಿಲ್ಲ, ಹುಡುಗ ಹುಡುಗಿ ಒಪ್ಪಿದ್ದರು. ಆದರೆ ನಿಶ್ಚಯಕ್ಕೆ ಬರುವುದರೊಳಗೆ ಮನೆ ಸರಿ ಮಾಡಿಸಿರಿ ಎಂದು ಹೇಳಿಯೇ ಅವರು ಹೊರಟರು.

ಆ ಸಂಜೆ ಗಂಡ ಊಟದ ತಟ್ಟೆಯ ಮುಂದೆ ಕೈ ಕಟ್ಟಿ ಕೂತಿದ್ದ.

"ಹಿಂಗ ಆಗತೈತಿ ಅಂತ ನಿನಗ ಗೊತ್ತಿತ್ತೇನು?" ಎಂದು ಕೇಳಿದ.

"ಗೊತ್ತಿತ್ತು. ಗೊತ್ತಿದ್ದ ಮಾಡೇನಿ."

ಸಿಟ್ಟು ಬರಬಹುದೆಂದು ನಾನು ಕಾದೆ. ಅವನು ತಟ್ಟೆಯನ್ನು ಹತ್ತಿರ ಎಳೆದುಕೊಂಡು, ಇನ್ನೊಂದು ರೊಟ್ಟಿ ಹಾಕು ಎಂದ.

ಮರುದಿನ ಭಾವನವರು ಬಂದರು. ಹೊಸ್ತಿಲ ಹೊರಗೆ ನಿಂತು, ರೂಢಿಯಂತೆ ತಮ್ಮನ ಮುಖ ನೋಡಿ, ನಾನು ಹಾಕಿದ ಗಿಲಾವನ್ನು ಕೆತ್ತಿ ತೆಗೆಯಬೇಕು, ಇಲ್ಲದಿದ್ದರೆ ಹಿರಿಯರನ್ನು ಕೂಡಿಸುತ್ತೇನೆ, ಆಕಿಗೆ ಹೇಳು ಎಂದರು. ನನ್ನ ಗಂಡ ಟಿಕೆಟ್ ಯಂತ್ರದ ಚೀಲವನ್ನು ಹೆಗಲಿಗೆ ಹಾಕಿಕೊಳ್ಳುತ್ತಿದ್ದ. ನೀನೇ ಹೇಳಪ್ಪಾ ಅಣ್ಣಾ, ಆಕೆ ಇಲ್ಲೇ ಇದ್ದಾಳಲ್ಲ ಎಂದು ಹೇಳಿ, ಅವರ ಪಕ್ಕದಿಂದ ದಾಟಿ ಡ್ಯೂಟಿಗೆ ಹೋಗಿಬಿಟ್ಟ. ಮದುವೆಯಾದಂದಿನಿಂದ ನನಗಾಗಿ ಅವನು ಮಾಡಿದ ಕೆಲಸಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಅದು. ಭಾವನವರು ಖಾಲಿ ಸಂದಿಯನ್ನು ನೋಡಿ, ನನ್ನ ಕಡೆ ತಿರುಗದೆಯೇ ಹೊರಟುಹೋದರು.

ನಾನು ಇನ್ನೂ ಒಂದು ಮಳೆಗಾಲ ಅವರನ್ನು ಹಾಗೇ ಬೇಯಿಸುತ್ತಿದ್ದೆನೋ ಏನೋ. ಆದರೆ ಒಂದು ದಿನ ಗೋಡೆಯನ್ನು ಬೆರಳಿನಿಂದ ಬಡಿದು ನೋಡುವಾಗ ಮೂಲೆಯಲ್ಲಿ ಟೊಳ್ಳು ಸದ್ದು ಬಂತು. ಅಲ್ಲಿ ಗಿಲಾವು ಕಲ್ಲನ್ನು ಬಿಟ್ಟು ಮುಂದಕ್ಕೆ ಉಬ್ಬಿತ್ತು. ಹೊರಬರಲು ಜಾಗ ಸಾಲದ ನೀರು ಒಳಗಿನ ಮಣ್ಣನ್ನು ತಿನ್ನುತ್ತಿತ್ತು. ಗೋಡೆ ಕುಸಿದರೆ ಯಾರ ಕಡೆ ಬೀಳಬೇಕೆಂದು ಅದಕ್ಕೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಆ ಕೋಣೆಯಲ್ಲಿ ನನ್ನ ಮಗಳೂ ಓದಲು ಕೂರುತ್ತಿದ್ದಳು. ನಾನು ನೆಗೆಣ್ಣಿಯನ್ನು ಕರೆದು ಆ ಸದ್ದು ಕೇಳಿಸಿದೆ. ಬಚ್ಚಲ ನೆಲ ಒಡೆಯಿರಿ, ಮೋರಿ ಸರಿ ಮಾಡಿಸಿರಿ, ಆಮೇಲೆ ನನ್ನ ಗಿಲಾವನ್ನು ನಾನೇ ತೆಗೆಯುತ್ತೇನೆ ಎಂದೆ. ಅವಳು ಒಳಗೆ ಹೋಗಿ ಏನು ಹೇಳಿದಳೋ ಗೊತ್ತಿಲ್ಲ. ಅವಳ ದನಿ ಏರಿದ್ದನ್ನು ಓಣಿಯವರು ಅವತ್ತೇ ಮೊದಲು ಕೇಳಿದ್ದು.

ಬಚ್ಚಲು ಒಡೆದ ದಿನ ನಾನು ಕರೆಯದೆಯೇ ಹೋಗಿ ನಿಂತೆ. ನೆಲದ ಕೆಳಗೆ ಕೊಳವೆಯೂ ಅದಕ್ಕೆ ಜೋಡಿಸಬೇಕಾದ ತಿರುವಿನ ತುಂಡೂ ಒಂದಕ್ಕೊಂದು ಕೂಡಿಯೇ ಇರಲಿಲ್ಲ. ನಡುವೆ ಕೈ ಹಾಯುವಷ್ಟು ಜಾಗ. ಕಟ್ಟಿದ ದಿನದಿಂದ ಆ ಮನೆಯ ಸ್ನಾನವೆಲ್ಲ ನನ್ನ ಗೋಡೆಗೆ ಇಳಿದಿತ್ತು. ಅಲ್ಲಿನ ಮಣ್ಣು ಇನ್ನೂ ಗುಲಾಬಿಯಾಗಿತ್ತು. ನಾನು ಅದನ್ನು ಒಂದು ಮುಷ್ಟಿ ತೆಗೆದು ಭಾವನವರ ಮುಂದೆ ಹಿಡಿದೆ. ಅವರು ನೋಡದ ಹಾಗೆ ಮುಖ ತಿರುಗಿಸಿದರು. ನೆಗೆಣ್ಣಿ ನೋಡಿದಳು.

ಮೋರಿ ಸರಿಯಾಯಿತು, ಗೋಡೆ ಒಣಗಿತು. ಪಡಸಾಲೆಯ ಕಡೆ ಗಿಲಾವು ಮಾಡಲು ಮಾತ್ರ ಗೌಂಡಿ ಸಿಗಲಿಲ್ಲ. ಅದು ಕಟ್ಟಡದ ಹಂಗಾಮು, ಬರುತ್ತೇನೆಂದವರು ಬರಲಿಲ್ಲ, ನಿಶ್ಚಯದ ದಿನ ಹತ್ತಿರ ಬಂತು. ಆಗ ನೆಗೆಣ್ಣಿ ನನ್ನನ್ನು ಕೇಳಿದಳು. ನಾನು ಮಾಡುತ್ತೇನೆ, ಆದರೆ ಗಾರೆಯ ಬುಟ್ಟಿಯನ್ನು ನನ್ನ ಕೈಗೆ ಭಾವನವರೇ ಎತ್ತಿಕೊಡಬೇಕು, ಬೇರೆ ಯಾರೂ ಅಲ್ಲ ಎಂದೆ.

ಅವರು ಬಂದರು. ಮೊದಲ ಸಲ ಬಿಳಿ ಅಂಗಿ ಇಲ್ಲದೆ, ತೋಳಿಲ್ಲದ ಬನಿಯನ್ನಿನಲ್ಲಿ ಅವರನ್ನು ಕಂಡೆ. ಹಸಿಯನ್ನು ಬಂಧಿಸದೆ ಹೊರಬಿಡಲೆಂದು ಈ ಸಲ ಸಿಮೆಂಟು ಬಿಟ್ಟು ಸುಣ್ಣದ ಗಾರೆ ಕಲಸಿದ್ದೆ. ನಮ್ಮ ಕಡೆಯೂ ಸಿಮೆಂಟು ಕೆತ್ತಿ ಅದನ್ನೇ ಹಾಕಿದ್ದೆ. ನಾನು ಸ್ಟೂಲಿನ ಮೇಲೆ ನಿಂತು ಕೆಳಗೆ ನೋಡದೆ ಕೈ ಚಾಚುತ್ತಿದ್ದೆ, ಅವರು ಬುಟ್ಟಿ ಎತ್ತಿ ಹಿಡಿಯುತ್ತಿದ್ದರು. ತಲೆಬಾಗಿಲು ತೆರೆದೇ ಇತ್ತು. ತೆರೆದಿಡಲು ನಾನೇ ಹೇಳಿದ್ದೆ. ಓಣಿಯಲ್ಲಿ ಹೋಗುವವರು ನಿಂತು ನೋಡಿ ಹೋಗುತ್ತಿದ್ದರು. ಒಮ್ಮೆ ನಾನು ಬೇಕೆಂದೇ ಕೈ ಚಾಚದೆ ಗೋಡೆ ಸವರುತ್ತ ನಿಂತೆ. ಬುಟ್ಟಿ ಹಿಡಿದ ಅವರ ತೋಳು ನಡುಗತೊಡಗಿತು. ತಮ್ಮ ಇರಲಿಲ್ಲ, ಹೆಂಡತಿ ಒಳಗಿದ್ದಳು, ಹೇಳು ಎನ್ನಲು ಯಾರೂ ಇರಲಿಲ್ಲ.

"ತಗೋವಾ," ಎಂದರು ಕೊನೆಗೆ. "ಭಾರ ಆಗತೈತಿ."

ಅದು ಅವರು ನನಗೆ ನೇರವಾಗಿ ಹೇಳಿದ ಮೊದಲ ಮಾತು. ನಾನು ಇನ್ನೂ ಸ್ವಲ್ಪ ಹೊತ್ತು ಗೋಡೆ ಸವರಿ, ಆಮೇಲೆ ತೆಗೆದುಕೊಂಡೆ.

ನಿಶ್ಚಯದ ದಿನ ಲಕ್ಷ್ಮೇಶ್ವರದ ದೊಡ್ಡಮ್ಮ ಬಂದವಳೇ ಗೋಡೆಗೆ ಅಂಗೈ ಇಟ್ಟು ನೋಡಿದಳು. ಯಾವ ಗೌಂಡಿ ಮಾಡಿದ್ದು, ಕೈ ಚಲೋ ಇದೆ ಎಂದಳು. ಹುಬ್ಬಳ್ಳಿ ಕಡೆಯವನು ಎಂದು ಭಾವನವರು ಶುರು ಮಾಡಿದರು. ಚಹಾದ ತಟ್ಟೆ ಹಿಡಿದು ಬರುತ್ತಿದ್ದ ನೆಗೆಣ್ಣಿ ನಡುವೆ ಬಾಯಿ ಹಾಕಿ, ನಮ್ಮ ಮನೆಯ ಸಣ್ಣಾಕೆ ಮಾಡಿದ್ದು, ಆಕೆಯ ರೊಟ್ಟಿಗೆ ಬೂಸ್ಟು ಬಂದದ್ದೂ ನಮ್ಮ ಬಚ್ಚಲ ನೀರಿಗೇ ಎಂದು ಎಲ್ಲರ ಮುಂದೆ ಹೇಳಿಬಿಟ್ಟಳು. ಭಾವನವರು ಕೈಯಲ್ಲಿದ್ದ ಎಲೆ ಅಡಿಕೆಯನ್ನು ನೋಡುತ್ತ ಕೂತರು, ಅಲ್ಲ ಎನ್ನಲಿಲ್ಲ. ಆ ಮದುವೆಯ ರೊಟ್ಟಿ ನನ್ನ ಮನೆಯಿಂದಲೇ ಹೋಯಿತು. ಆಮೇಲೆ ಖಾನಾವಳಿಗಳೂ ಒಂದೊಂದಾಗಿ ಮರಳಿ ಬಂದವು.

ಭಾವನವರು ಇವತ್ತಿಗೂ ತಪ್ಪಾಯಿತೆಂದು ಹೇಳಿಲ್ಲ, ನನಗೂ ಇಲ್ಲ, ನನ್ನ ಮಗಳಿಗೂ ಇಲ್ಲ. ನನಗಾದದ್ದನ್ನು ನಾನು ಮರೆತರೂ ಮರೆಯಬಹುದು. ಮಗಳು ಅಡುಗೆಮನೆಯಲ್ಲಿ ಬೆನ್ನು ತೋರಿಸಿ ನಿಂತದ್ದನ್ನು ಮರೆಯುವುದಿಲ್ಲ. ಈ ಮಳೆಗಾಲದಲ್ಲಿ ಅವರ ಮಾಳಿಗೆ ಸೋರಲು ಹತ್ತಿದೆ, ಪಡಸಾಲೆಯಲ್ಲಿ ಬೋಗುಣಿ ಇಟ್ಟಿದ್ದಾರೆ. ಆಕಿಗೆ ಒಂದ್ಸಲ ಬಂದು ನೋಡಾಕ ಹೇಳು ಎಂದು ನನ್ನ ಗಂಡನ ಹತ್ತಿರ ಎರಡು ಸಲ ಹೇಳಿ ಕಳಿಸಿದ್ದಾರೆ. ಎಲ್ಲಿ ಬಿರುಕು ಬಿಟ್ಟಿದೆ, ಅದಕ್ಕೆ ಏನು ತುಂಬಬೇಕು ಎಂದು ನನಗೆ ಕೆಳಗಿನಿಂದ ನೋಡಿದರೇ ಗೊತ್ತಾಗುತ್ತದೆ. ಅವರೇ ಬಂದು ನನ್ನ ಮುಖ ನೋಡಿ ಕೇಳಲಿ ಎಂದು ಹೇಳಿ ಕಳಿಸಿದ್ದೇನೆ. ಅವರು ಬಂದಿಲ್ಲ. ಮಳೆ ಸುರಿಯುತ್ತಲೇ ಇದೆ. ನನಗೆ ಅವಸರವಿಲ್ಲ.